ಹೆಲ್‌ಬ್ಲೇಡ್: ಕಿವಿಗೆ ಹತ್ತಕ್ಕೆ ಹತ್ತು, ಕಣ್ಣಿಗೆ ಆರು

'ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್' ಎಂಬ ವಿಡಿಯೋ ಗೇಮ್ ಬಂದದ್ದು 2017ರ ಆಗಸ್ಟ್‌ನಲ್ಲಿ. ಗ್ರಾಫಿಕ್ಸ್ ಬಗ್ಗೆ ಎಲ್ಲರೂ ಬರೆದಾಗಿದೆ, ಅದು ಬಿಡಿ. ಮೂರನೇ ಸಲ ಆಡಿದರೂ ಇದು ಹಳಸದೆ ಉಳಿದಿರುವುದು ಶಬ್ದದಿಂದ. ಸ್ಪೀಕರ್‌ನಲ್ಲಿ ಆಡಿದರೆ ಅರ್ಧ ದುಡ್ಡು ದಂಡ.

ಸೆನುವಾ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಹೆಣ್ಣು, ಪಿಕ್ಟ್ ಎಂಬ ಪ್ರಾಚೀನ ಜನಾಂಗದವಳು. ವೈಕಿಂಗರು ಬಲಿಕೊಟ್ಟ ಪ್ರಿಯಕರ ಡಿಲಿಯನ್‌ನ ತಲೆಯನ್ನು ಸೊಂಟಕ್ಕೆ ಕಟ್ಟಿಕೊಂಡು, ಅವನ ಆತ್ಮವನ್ನು ಬಿಡಿಸಿಕೊಂಡು ಬರಲು ಹೆಲ್‌ಹೈಮ್‌ಗೆ, ಅಂದರೆ ವೈಕಿಂಗರ ಪುರಾಣದ ಸತ್ತವರ ಲೋಕಕ್ಕೆ, ಹೊರಟವಳು. ಅವಳಿಗೆ ಸೈಕೋಸಿಸ್, ಇಲ್ಲದ್ದು ಕೇಳಿಸುವ, ಕಾಣುವ ಮನಸ್ಸಿನ ಕಾಯಿಲೆ. ನಮ್ಮ ಕಡೆ ಗಾಳಿ ಸೋಕಿದೆ ಅನ್ನುವ ಹಾಗೆ, ಅವಳ ಅಪ್ಪ ಅದನ್ನು ಶಾಪ ಅನ್ನುತ್ತಾನೆ. ಕಿವಿಯಲ್ಲಿ ಸದಾ ದನಿಗಳು: ಒಂದು ಹೆದರಿಸುತ್ತದೆ, ಒಂದು ಹಂಗಿಸುತ್ತದೆ, ಇನ್ನೊಂದು ಅವೆರಡನ್ನೂ ಸುಮ್ಮನಿರಿಸಲು ನೋಡುತ್ತದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಮತ್ತು ಸೈಕೋಸಿಸ್ ಅನುಭವಿಸಿದವರ ಜೊತೆ ಕೂತು ಮಾಡಿದ ಕೆಲಸ ಇದು, ಅದು ಕೇಳಿಸುತ್ತದೆ. ದನಿ ಎಡಗಿವಿಯ ಹಿಂದಿನಿಂದ ಹೊರಟು ಕತ್ತಿನ ಸುತ್ತ ಬಂದು ಬಲಗಿವಿಯಲ್ಲಿ ಪಿಸುಗುಟ್ಟುತ್ತದೆ.

ಇದಕ್ಕೆ ದುಬಾರಿ ಹೆಡ್‌ಸೆಟ್ ಬೇಕಿಲ್ಲ. ಸಾಧಾರಣ ತಂತಿಯ ಇಯರ್‌ಫೋನ್ ಸಾಕು, ಆದರೆ ಎಡ-ಬಲ ಅದಲುಬದಲಾಗಬಾರದು. ವಿಂಡೋಸ್‌ನಲ್ಲಿ ಮೋನೋ ಆಡಿಯೋ (ಎರಡೂ ಕಿವಿಗೆ ಒಂದೇ ಶಬ್ದ) ಆಫ್ ಇದೆಯಾ ನೋಡಿ. ವರ್ಚುವಲ್ ಸರೌಂಡ್ ಏನಿದ್ದರೂ ತೆಗೆಯಿರಿ. ರೆಕಾರ್ಡಿಂಗ್ ಮೊದಲೇ ಬೈನಾರಲ್, ಅಂದರೆ ಎರಡು ಕಿವಿಗೆ ಕೇಳಿಸುವ ಹಾಗೇ ಬೇರೆಬೇರೆಯಾಗಿ ಹಿಡಿದದ್ದು; ಅದರ ಮೇಲೆ ಇನ್ನೊಂದು ಸಂಸ್ಕರಣೆ ಬಿದ್ದರೆ ದನಿ ಎಲ್ಲಿಂದ ಬಂತೆಂಬುದೇ ಕಲಸಿಹೋಗುತ್ತದೆ. ಬ್ಲೂಟೂತ್ ಇನ್ನೂ ಕಿರಿಕಿರಿ. ಹಿನ್ನೆಲೆಯಲ್ಲಿ ಡಿಸ್ಕಾರ್ಡ್ ಆ್ಯಪ್‌ನ ಕರೆ ತೆರೆದಿದ್ದರೆ ಹೆಡ್‌ಸೆಟ್ ಮೈಕ್ ಚಾಲೂ ಆಗಿ, ಹಲವು ಹೆಡ್‌ಸೆಟ್‌ಗಳು ಕರೆಗೆ ಮೀಸಲಾದ ಹ್ಯಾಂಡ್ಸ್‌ಫ್ರೀ ಮೋಡ್‌ಗೆ ಇಳಿದು ಮೋನೋ ಆಗುತ್ತವೆ. ಆಗ ದನಿಗಳೆಲ್ಲ ನಡುನೆತ್ತಿಯಲ್ಲಿ ಗುಂಪುಗಟ್ಟಿ ಗೊಣಗುತ್ತವೆ, ಅಷ್ಟೇ.

ಇದು ಬರೀ ಮಜಾಕ್ಕೆ ಹೇಳಿದ್ದಲ್ಲ. ಪರದೆಯ ಮೇಲೆ ಹೆಲ್ತ್ ಬಾರ್ ಇಲ್ಲ, ಮ್ಯಾಪ್ ಇಲ್ಲ, ಯಾವ ಬಟನ್ ಏನೆಂದು ಹೇಳಿಕೊಡುವುದೂ ಇಲ್ಲ. ಕ್ಯಾಮೆರಾ ಸೆನುವಾಳ ಹೆಗಲಿಗೇ ಅಂಟಿಕೊಂಡಿರುವುದರಿಂದ ಬೆನ್ನ ಹಿಂದಿನ ಎದುರಾಳಿ ಕಾಣುವುದಿಲ್ಲ. ದನಿ 'ಹಿಂದೆ!' ಎಂದ ಕೂಡಲೇ ಪಕ್ಕಕ್ಕೆ ಹಾರಬೇಕು. ಹೊಡೆತ ತಾಗುವ ಕಡೇ ಕ್ಷಣದಲ್ಲಿ ತಡೆದರೆ ಎದುರಾಳಿ ತತ್ತರಿಸುತ್ತಾನೆ. ಸೊಂಟದ ಕನ್ನಡಿ ಹೊಳೆದಾಗ ಫೋಕಸ್ ಬಟನ್ ಒತ್ತಿ: ಕಾಲ ನಿಧಾನವಾಗುತ್ತದೆ. ಹೊಗೆಯಂತೆ ಕತ್ತಿಗೆ ಸಿಗದವರಿಗೂ ಆಗಲೇ ಏಟು ತಾಗುವುದು.

ಬೇಸರ ಶುರುವಾಗುವುದು ರೂನ್ (ವೈಕಿಂಗರ ಲಿಪಿಯ ಅಕ್ಷರ) ಬಾಗಿಲುಗಳಲ್ಲಿ. ಬಾಗಿಲ ಮೇಲೆ ಕೆತ್ತಿದ ಅಕ್ಷರದ ಆಕಾರವನ್ನು ಸುತ್ತಲಿನ ಮರದ ತೊಲೆ, ನೆರಳು, ಮುರಿದ ಬೇಲಿಯಲ್ಲಿ ಹುಡುಕಿ, ಸರಿಯಾದ ಜಾಗದಲ್ಲಿ ನಿಂತು ಫೋಕಸ್ ಹಿಡಿಯಬೇಕು. ಗಾಳಿಯಲ್ಲಿ ರೂನ್‌ಗಳು ತೇಲತೊಡಗಿದರೆ ಹತ್ತಿರದಲ್ಲಿದ್ದೀರಿ. ಎರಡು ಹೆಜ್ಜೆ ತಪ್ಪಿದರೂ ಆಕಾರ ಕೂಡುವುದಿಲ್ಲ. ಎಲ್ಲದರಲ್ಲೂ ಅರ್ಥ ಕಾಣುವ ಮನಸ್ಸನ್ನು ತೋರಿಸಲು ಒಳ್ಳೆಯ ಉಪಾಯವೇ. ಮೊದಲೆರಡು ಬಾಗಿಲಿಗೆ. ಆಮೇಲೆ ಕಳೆದುಹೋದ ಕೀಲಿ ಹುಡುಕಿದಂತೆ. ಮಾಯಾವಿ ವಾಲ್ರಾವ್ನ್‌ನ ಭಾಗ ವಾಸಿ: ಕಮಾನಿನ ಮೂಲಕ ನೋಡಿದರೆ ಮುರಿದ ಸೇತುವೆ ಇಡಿಯಾಗಿ ಕಾಣುತ್ತದೆ, ಅದರೊಳಗಿಂದಲೇ ದಾಟಿದರೆ ಹಾಗೇ ಉಳಿಯುತ್ತದೆ.

ನಾರ್ಸ್ ಕಥೆಗಳು, ಅಂದರೆ ವೈಕಿಂಗರ ಪುರಾಣಗಳು, ಬೇಕಿದ್ದವರು ಲೋರ್‌ಸ್ಟೋನ್ ಎಂಬ 44 ಕಥೆಗಲ್ಲುಗಳನ್ನು ಹುಡುಕಲಿ. ಕಲ್ಲಿನ ಮೇಲೆ ಫೋಕಸ್ ಹಿಡಿದರೆ ಡ್ರೂತ್ ಎಂಬವನ ದನಿ ಬಾಲ್ಡರ್, ರಾಗ್ನರೋಕ್ ಕಥೆಗಳನ್ನು ಹೇಳುತ್ತದೆ. ಎತ್ತರದಿಂದ ಕೆಳಕ್ಕೆ ಜಿಗಿಯುವ ಮುನ್ನ ಸುತ್ತ ಕಣ್ಣಾಡಿಸಿ, ಹಿಂದಕ್ಕೆ ಹತ್ತಲು ಆಗದು. ಸೋತಂತೆಲ್ಲ ಸೆನುವಾಳ ಕೈಗೆ ಹತ್ತಿದ ಕಪ್ಪು ಕೊಳೆತ ತಲೆಗೇರುತ್ತದೆ, ಏರಿದರೆ ಎಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಬರುತ್ತದಲ್ಲ, ಅದಕ್ಕೆ ಹೆದರಿ ಬಿಟ್ಟುಬಿಡಬೇಡಿ. ಸೇವ್ ಅಳಿಯುವುದಿಲ್ಲ. ಕಾದಾಟ ಕಷ್ಟವಾದರೆ ಮೆನುವಿನಲ್ಲಿ ಈಜಿಗೆ ಇಳಿಸಿ.

ಏಳೆಂಟು ಗಂಟೆಯ ಆಟ, ಸೇಲ್‌ಗೆ ಕಾದು ಕೊಳ್ಳಿ. ಆತ್ಮಹತ್ಯೆಯ ಯೋಚನೆ, ರಕ್ತ, ಬೈಗುಳದ ದನಿ ಇವೆ. ಮನಸ್ಸು ಕುಗ್ಗಿದ ದಿನ ಮುಟ್ಟಬೇಡಿ. ಸೆನುವಾ ಪಾತ್ರ ಮಾಡಿದ ಮೆಲಿನಾ ಯೂರ್ಗೆನ್ಸ್ ಆಟ ಮಾಡಿದ ಸ್ಟುಡಿಯೋದಲ್ಲೇ ವಿಡಿಯೋ ಎಡಿಟರ್ ಆಗಿದ್ದವರು, 2018ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಗೆದ್ದರು. ಆ ಮುಖಕ್ಕೂ ಕೆಲಸವಿಲ್ಲದ ಒಂದು ಜಾಗವಿದೆ, ನಾರ್ಸ್ ದೇವರು ಓಡಿನ್‌ನ ಪರೀಕ್ಷೆಗಳಲ್ಲಿ. ಅಲ್ಲಿ ಸೆನುವಾ ಕುರುಡಿ. ಪರದೆ ಹೆಚ್ಚುಕಮ್ಮಿ ಕಪ್ಪು. ಕಂಟ್ರೋಲರ್‌ನ ವೈಬ್ರೇಶನ್ ಆನ್ ಮಾಡಿ, ದೀಪ ಆರಿಸಿ, ಡಿಲಿಯನ್‌ನ ದನಿ ಯಾವ ಕಿವಿಗೆ ಬೀಳುತ್ತದೋ ಆ ಕಡೆ ತಿರುಗಿ ನಿಧಾನ ನಡೆಯಿರಿ. ಹತ್ತಿರದಲ್ಲಿ ಏನೋ ಉಸಿರಾಡಿದರೆ ನಿಂತುಬಿಡಿ.