ಹುಬ್ಬು ನೋಡಿ ಹೆಸರು ಹೇಳುವ ಪುಸ್ತಕ

ಮುಂಬೈಯ ಮುಲುಂಡಿನ ನಮ್ಮ ಮನೆಯಿಂದ ಭಾಂಡುಪ್ ಪಂಪಿಂಗ್ ಸ್ಟೇಷನ್‌ಗೆ ರಿಕ್ಷಾದಲ್ಲಿ ಹೆಚ್ಚು ಹೊತ್ತೇನೂ ಬೇಡ. ಆರು ವರ್ಷದಿಂದ ಚಳಿಗಾಲದ ಭಾನುವಾರ ಬೆಳಿಗ್ಗೆ ಹಕ್ಕಿ ನೋಡುತ್ತಾ ನಾನು ಅಲ್ಲೇ. ಚೀಲದಲ್ಲಿ ನೀರಿನ ಬಾಟಲಿ, ದುರ್ಬೀನು, ಜೊತೆಗೆ ‘ಬರ್ಡ್ಸ್ ಆಫ್ ದಿ ಇಂಡಿಯನ್ ಸಬ್‌ಕಾಂಟಿನೆಂಟ್’. ರಿಚರ್ಡ್ ಗ್ರಿಮೆಟ್, ಕ್ಯಾರಲ್ ಇನ್‌ಸ್ಕಿಪ್, ಟಿಮ್ ಇನ್‌ಸ್ಕಿಪ್ ಬರೆದ ಕೈಪಿಡಿ. ನನ್ನದು 2011ರ ಎರಡನೇ ಆವೃತ್ತಿ. ಅಂಚು ಕೊಳೆಯಾಗಿದೆ, ಬೆನ್ನಿಗೆ ಟೇಪು ಹಚ್ಚಿದ್ದೇನೆ. ಹಕ್ಕಿ ನೋಡಲು ಹೊಸದಾಗಿ ಹೊರಟವರು ಯಾವ ಪುಸ್ತಕ ತಗೊಳ್ಳಲಿ ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ.

ಕಳೆದ ಡಿಸೆಂಬರಿನಲ್ಲಿ ತಂಗಿಯ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ನೀರು ಇಳಿದಿತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಈಚೆ, ಕೆಸರಿನ ಮೇಲೆ ಗದ್ದೆಗೊರವ (ಸ್ಯಾಂಡ್‌ಪೈಪರ್) ಒಂದು ಓಡಾಡುತ್ತಿತ್ತು. ಕಂದು ಬೆನ್ನು, ಬಿಳಿ ಹೊಟ್ಟೆ. ಇಂಥವು ಅಲ್ಲಿ ಬೇಕಾದಷ್ಟಿವೆ, ಶುರುವಿನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಪುಸ್ತಕ ತೆರೆದು ಅವಳ ಕೈಗೆ ಕೊಟ್ಟೆ. ಒಂದು ಪುಟದಲ್ಲಿ ಚಿತ್ರಗಳು, ಎದುರು ಪುಟದಲ್ಲಿ ವಿವರಣೆ, ಪಕ್ಕದಲ್ಲೇ ಹಕ್ಕಿ ಎಲ್ಲೆಲ್ಲಿ ಸಿಗುತ್ತದೆಂದು ತೋರಿಸುವ ಪುಟ್ಟ ನಕ್ಷೆ. ಹಿಂದೆ ಮುಂದೆ ಪುಟ ಮಗುಚುವ ಕೆಲಸವಿಲ್ಲ. ಹಕ್ಕಿ ಹಾರಿಹೋಗುವ ಮೊದಲು ಉತ್ತರ ಬೇಕಾದಾಗ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಕೆಸರಿನ ಬದಿಯಲ್ಲಿ ನಿಂತವರಿಗೇ ಗೊತ್ತು.

ಕಾಮನ್ ಸ್ಯಾಂಡ್‌ಪೈಪರ್ ಆಗಿದ್ದರೆ ಎದೆಯ ಬದಿಯಿಂದ ಹೆಗಲಿನತ್ತ ಬಿಳಿ ಬಣ್ಣ ಚೂಪಾಗಿ ಏರಿರಬೇಕು, ಬಾಲ ಸದಾ ಕುಣಿಯುತ್ತಿರಬೇಕು. ಎರಡೂ ಇರಲಿಲ್ಲ. ಉಳಿದದ್ದು ಗ್ರೀನ್ ಮತ್ತು ವುಡ್ ಸ್ಯಾಂಡ್‌ಪೈಪರ್. ಗ್ರೀನ್‌ನ ಬೆನ್ನು ಗಾಢ, ಬಿಳಿ ಹುಬ್ಬು (ಕಣ್ಣಿನ ಮೇಲಿನ ಗೆರೆ) ಕಣ್ಣಿನ ಹತ್ತಿರಕ್ಕೇ ಮುಗಿಯುತ್ತದೆ. ವುಡ್‌ನ ಬೆನ್ನ ತುಂಬ ಬಿಳಿ ಚುಕ್ಕೆ, ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ.

“ದೊಡ್ಡಮ್ಮಾ, ಇದರ ಹುಬ್ಬು ಉದ್ದ ಉಂಟು!” ಎಂದಳು.

ಅಷ್ಟರಲ್ಲಿ ಅದು ಎದ್ದು ಹಾರಿತು. ರೆಕ್ಕೆಯ ಅಡಿ ತಿಳಿಬಣ್ಣ. ಗ್ರೀನ್ ಆಗಿದ್ದರೆ ಅಲ್ಲಿ ಕಪ್ಪಿರುತ್ತಿತ್ತು. ವುಡ್ ಎಂಬುದು ಖಾತ್ರಿಯಾಯಿತು.

ಫೋಟೋ ಇರುವ ಪುಸ್ತಕಗಳೂ ನನ್ನಲ್ಲಿವೆ. ಆದರೆ ಫೋಟೋದಲ್ಲಿ ಆ ದಿನದ ಬೆಳಕು, ಆ ಒಂದು ಹಕ್ಕಿ ಮಾತ್ರ. ಕಲಾವಿದರು ಬರೆದ ಚಿತ್ರದಲ್ಲಿ ಗಂಡು, ಹೆಣ್ಣು, ಮರಿ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ, ನೋಡಬೇಕಾದ ಗುರುತು ಕಣ್ಣಿಗೆ ಹೊಡೆಯುತ್ತದೆ.

ನಕ್ಷೆಯನ್ನು ಯಾರೂ ಅಸಡ್ಡೆ ಮಾಡಬಾರದು. ಠಾಣೆಯ ಬಳಿಯ ಯೇವೂರಿನ ಕಾಡಿನಲ್ಲಿ ನೇರಳೆಗೆಂಪು ತಲೆಯ ಗಿಳಿ ಕಂಡಾಗ ಪ್ಲಮ್-ಹೆಡೆಡ್ಡೋ ಬ್ಲಾಸಮ್-ಹೆಡೆಡ್ಡೋ ಎಂದು ಬಹಳ ಹೊತ್ತು ತಲೆ ಕೆಡಿಸಿಕೊಂಡಿದ್ದೆ. ಬ್ಲಾಸಮ್‌ನ ನಕ್ಷೆಯಲ್ಲಿ ಬಣ್ಣವೆಲ್ಲ ದೇಶದ ಈಶಾನ್ಯದ ಕಡೆಗೆ, ನಮ್ಮ ಕಡೆ ಖಾಲಿ. ಬಾಲದ ತುದಿಯ ಬಿಳಿಯನ್ನು ಆಮೇಲೆ ನೋಡಿಕೊಂಡೆ, ಅದೂ ತಾಳೆಯಾಯಿತು. ಪ್ಲಮ್ ಹೆಡೆಡ್ಡೇ.

ಕೊರತೆ ಇಲ್ಲವೆಂದಲ್ಲ. 500ಕ್ಕೂ ಹೆಚ್ಚು ಪುಟ, ಮಧ್ಯಾಹ್ನದ ಹೊತ್ತಿಗೆ ಹೆಗಲು ನೋಯುತ್ತದೆ. 1,300ಕ್ಕೂ ಹೆಚ್ಚು ಜಾತಿಗಳಿರುವುದರಿಂದ ಹೊಸಬರಿಗೆ ಯಾವ ಕಡೆ ತೆರೆಯಬೇಕೆಂದೇ ತಿಳಿಯದು. ಗೊರವ, ಗಿಡುಗ, ಪಿಕಳಾರ ಎಂದು ಬಣ್ಣದ ಚೀಟಿ ಅಂಟಿಸಿಕೊಳ್ಳಿ, ಅರ್ಧ ಕಷ್ಟ ಕಳೆಯುತ್ತದೆ. ಬಿಡುವಿದ್ದಾಗ ಮನೆಯಲ್ಲೂ ಪುಟ ತಿರುವಿ. ಎರಡು ಬಗೆಯ ರಾಜಹಂಸದಲ್ಲಿ (ಫ್ಲೆಮಿಂಗೊ) ದೊಡ್ಡದರ ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು. ಚಿಕ್ಕದರದ್ದು ಇಡೀ ಕೊಕ್ಕೇ ಕಪ್ಪುಗೆಂಪು. ಇಷ್ಟು ಮೊದಲೇ ತಲೆಯಲ್ಲಿದ್ದರೆ ಠಾಣೆ ಖಾರಿಯ (ಕ್ರೀಕ್) ಹಿಂಡನ್ನು ನೋಡುವ ಕಣ್ಣೇ ಬೇರೆ.

ಪಕ್ಷಿತಜ್ಞ ಸಾಲಿಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಪುಸ್ತಕವನ್ನು ಬಿಟ್ಟುಬಿಡಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. 1941ರಲ್ಲಿ ಇದೇ ಮುಂಬೈಯಿಂದ ಹೊರಬಂದ ಆ ಪುಸ್ತಕವನ್ನು ಮನೆಯಲ್ಲಿ ಕೂತು ಓದಿ, ಹಕ್ಕಿಯ ಗೂಡು, ನಡೆನುಡಿ ಅಲ್ಲಿ ತಿಳಿಯಿರಿ. ಈ ಕೈಪಿಡಿಯನ್ನು ಹೊರಗೆ ಒಯ್ಯಿರಿ.

ನನಗೆ ನಿಜಕ್ಕೂ ನೋವಾಗುವುದು ಇದರಲ್ಲಿ ಕನ್ನಡ ಹೆಸರಿಲ್ಲದ್ದು. ಅದಕ್ಕೇ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಾ ಬಂದಿದ್ದೇನೆ: ಮಡಿವಾಳ, ಮಿಂಚುಳ್ಳಿ, ಟಿಟ್ಟಿಭ. ಕೆಂಬೂತದ ಪಕ್ಕದಲ್ಲಿ ಕಾರ್ಕಳದ ನಮ್ಮಮ್ಮ ತುಳುವಿನಲ್ಲಿ ಕರೆಯುತ್ತಿದ್ದ ‘ಕುಪ್ಪುಳು’ ಇದೆ. ವುಡ್ ಸ್ಯಾಂಡ್‌ಪೈಪರ್ ಬಳಿ ಜಾಗ ಖಾಲಿಯಿತ್ತು. ಆ ಡಿಸೆಂಬರಿನ ಬೆಳಿಗ್ಗೆ ಹುಡುಗಿ ನನ್ನ ಪೆನ್ಸಿಲ್ ತೆಗೆದುಕೊಂಡು ದುಂಡಗೆ ‘ಉದ್ದ ಹುಬ್ಬಿನವ’ ಎಂದು ಬರೆದಳು.