ಮಂಡಿ ನೋವಿಗೆಂದು ರಿಕಾಪು ಕೊಳ್ಳುವವರು ಮೊದಲು ಬೂಟಿನ ಅಗಲ ಅಳೆಯಿರಿ

ಕಳೆದ ಆಗಸ್ಟಿನಲ್ಲಿ ನನ್ನ ಎಡಗಾಲು ರಿಕಾಪಿನಲ್ಲಿ, ಅಂದರೆ ಸವಾರರು ಪಾದ ಇಡುವ ಲೋಹದ ಬಳೆಯಲ್ಲಿ, ಸಿಕ್ಕಿಕೊಂಡು, ನಮ್ಮದೇ ಕಣದ ಅಂಚಿನಲ್ಲಿ ಕುದುರೆ ನನ್ನನ್ನು ಏಳೆಂಟು ಹೆಜ್ಜೆ ಎಳೆದುಕೊಂಡು ಹೋಯಿತು. ಮಂಡಿ ನೋವು ಕಡಿಮೆಯಾಗಲೆಂದೇ ಕೊಂಡಿದ್ದ ರಿಕಾಪು ಅದು. ಮಂಡಿ, ಕಣಕಾಲು, ಸೊಂಟದ ನೋವಿದ್ದೂ ಕುದುರೆ ಬಿಡಲು ಮನಸ್ಸು ಬಾರದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಐವತ್ತಾರು ವರ್ಷ. ಆಲ್ದೂರಿನ ಕಡೆ ನಮ್ಮ ಕಾಫಿ ತೋಟ. ಅಪ್ಪನ ಕಾಲದಿಂದಲೂ ಮನೆಯಲ್ಲಿ ಕುದುರೆ ಇದೆ. ಈಗಿನ ಹೆಣ್ಣು ಕುದುರೆಗೆ ಹನ್ನೊಂದು ವರ್ಷ, ಸಾಧು ಸ್ವಭಾವ. ಮೂರು ವರ್ಷದ ಹಿಂದೆ ಚಿಕ್ಕಮಗಳೂರಿನ ಮೂಳೆ ವೈದ್ಯರು ಎಕ್ಸ್‌ರೇ ನೋಡಿ, ಎರಡೂ ಮಂಡಿ ಸವೆದಿವೆ ಎಂದರು. ಸವಾರಿ ಬಿಡಿ ಎನ್ನಲಿಲ್ಲ. ಮಂಡಿಯನ್ನು ಹೆಚ್ಚು ಹೊತ್ತು ಬಿಗಿಯಾಗಿ ಮಡಚಿಡಬೇಡಿ, ತಿರುಚಬೇಡಿ ಎಂದರು. ತಿರುಚಬೇಡಿ ಎಂಬ ಆ ಒಂದು ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಏಕೆಂದರೆ ಸವಾರಿಯಲ್ಲಿ ಮಂಡಿಯನ್ನು ಹಿಂಸಿಸುವುದು ಬಹುಪಾಲು ತಿರುಚುವಿಕೆಯೇ. ಜೀನಿನಿಂದ ಇಳಿಬಿದ್ದ ಚರ್ಮದ ಪಟ್ಟಿ ಕುದುರೆಯ ಹೊಟ್ಟೆಗೆ ಒತ್ತಿಕೊಂಡು ಚಪ್ಪಟೆಯಾಗಿರುತ್ತದೆ. ಸಾಮಾನ್ಯ ರಿಕಾಪು ಅದರಲ್ಲಿ ಕುದುರೆಯ ಪಕ್ಕೆಗೆ ಸಮನಾಗಿ ನೇತಾಡುತ್ತದೆ. ನಾವು ಅದನ್ನು ಕಾಲುಭಾಗ ತಿರುಗಿಸಿ ಪಾದ ಇಡುತ್ತೇವೆ. ಆಗ ತಿರುಚಿಕೊಂಡ ಪಟ್ಟಿ ತನ್ನ ಮೊದಲಿನ ಸ್ಥಿತಿಗೆ ಮರಳಲು ಸವಾರಿ ಮುಗಿಯುವವರೆಗೂ ಎಳೆಯುತ್ತಲೇ ಇರುತ್ತದೆ. ಆ ಎಳೆತ ಪಾದದಿಂದ ಕಣಕಾಲಿಗೆ, ಅಲ್ಲಿಂದ ಮಂಡಿಗೆ ಏರುತ್ತದೆ. ಪಟ್ಟಿ ಹೊಸದಾಗಿದ್ದು ಬಿರುಸಾಗಿದ್ದರೆ ಇನ್ನೂ ಜಾಸ್ತಿ. ಇಪ್ಪತ್ತರ ವಯಸ್ಸಿನ ಮಂಡಿಗೆ ಇದು ಗೊತ್ತೇ ಆಗುವುದಿಲ್ಲ. ನನ್ನ ಮಂಡಿಗೆ ಅರ್ಧ ಗಂಟೆಯೊಳಗೆ ಗೊತ್ತಾಗುತ್ತಿತ್ತು. ಇಳಿದ ಮೇಲೆ ಮನೆಯ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಗುತ್ತಿತ್ತು.

ಇದಕ್ಕೆ ಪರಿಹಾರ ಹುಡುಕುತ್ತಾ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಎರಡೂ ಬದಿಯಲ್ಲಿ ಬಾಗುವ ಕೀಲು, ಅದಕ್ಕೆ ಕಪ್ಪು ರಬ್ಬರ್ ಹೊದಿಕೆ, ಅಗಲವಾದ ಪಾದಪೀಠ, ಅದರ ಮೇಲೆ ಕಾಲು ಜಾರದಂತೆ ಲೋಹದ ಹಲ್ಲುಗಳು, ಹಗುರವಾದ ಅಲ್ಯೂಮಿನಿಯಂ. ‘ಮಂಡಿ ನೋವಿನ ಸವಾರರಿಗಾಗಿಯೇ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಅಗಲ 12 ಸೆಂಟಿಮೀಟರ್ ಎಂದಿತ್ತು. ಬೆಲೆ 6,400 ರೂಪಾಯಿ. ಫೋನ್ ಮಾಡಿ ವಿಚಾರಿಸಿದೆ. ‘ನೀವು ಯೋಚನೆಯೇ ಮಾಡಬೇಡಿ ಮೇಡಂ, ಎಲ್ಲರಿಗೂ ಇದೇ ಅಳತೆ’ ಎಂದರು. ಏಪ್ರಿಲ್‌ನಲ್ಲಿ ತರಿಸಿಕೊಂಡೆ.

ಮೊದಲ ಎರಡು ತಿಂಗಳು ನಿಜಕ್ಕೂ ಹಾಯೆನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಪಾದಪೀಠ ಅಗಲವಿದ್ದರೆ ಭಾರ ಒಂದೇ ಗೆರೆಯ ಮೇಲೆ ಬೀಳದೆ ಪಾದದ ತುಂಬ ಹರಡುತ್ತದೆ, ಅಂಗಾಲು ಜೋಮು ಹಿಡಿಯುವುದಿಲ್ಲ. ಬಾಗುವ ಕೀಲು ಕುದುರೆಯ ಓಟದ ಪೆಟ್ಟನ್ನು ಸ್ವಲ್ಪ ನುಂಗುತ್ತದೆ. ಆ ಸುಖದಲ್ಲಿ ನಾನು ಉಳಿದದ್ದನ್ನು ಗಮನಿಸಲಿಲ್ಲ.

ಮಳೆ ಹಿಡಿಯಿತು. ತೋಟದ ಕೆಸರಿಗೆಂದು ನಾನು ಸವಾರಿಯ ಬೂಟು ಬಿಟ್ಟು, ದಪ್ಪ ಅಂಚಿನ ಮಳೆಗಾಲದ ಬೂಟು ಹಾಕಿಕೊಳ್ಳತೊಡಗಿದೆ. ರಿಕಾಪಿನೊಳಗೆ ಪಾದ ತೂರಿಸುವಾಗ ಸ್ವಲ್ಪ ಒತ್ತಬೇಕಾಗುತ್ತಿತ್ತು. ಗಟ್ಟಿಯಾಗಿ ಕೂರುತ್ತದೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಆ ಎಣಿಕೆಯೇ ತಪ್ಪು. ರಿಕಾಪಿನಲ್ಲಿ ಪಾದ ಎಂದೂ ಗಟ್ಟಿಯಾಗಿ ಕೂರಬಾರದು.

ಆ ದಿನ ಬೆಳಿಗ್ಗೆ ಜಡಿಮಳೆ ಬಿಟ್ಟಿತ್ತು. ಕಣದ ಬದಿಯ ಸೌದೆ ರಾಶಿಗೆ ಹೊದಿಸಿದ್ದ ನೀಲಿ ಟಾರ್ಪಾಲಿನ ಒಂದು ಮೂಲೆ ಗಾಳಿಗೆ ಎದ್ದು ಪಟಾರೆಂದು ಬಡಿಯಿತು. ಕುದುರೆ ಬೆಚ್ಚಿ ಬಲಕ್ಕೆ ಹಾರಿತು, ನಾನು ಎಡಕ್ಕೆ ಜಾರಿದೆ. ಬಲಗಾಲು ಬಿಟ್ಟುಕೊಂಡಿತು. ಎಡಗಾಲು ಬರಲಿಲ್ಲ. ಬೂಟಿನ ಎರಡೂ ಅಂಚು ರಿಕಾಪಿನ ಬದಿಗಳಿಗೆ ಕಚ್ಚಿಕೊಂಡಿದ್ದವು, ತಳಕ್ಕೆ ಆ ಹಲ್ಲುಗಳು ನಾಟಿದ್ದವು. ಭುಜ ನೆಲಕ್ಕೆ ತಾಗಿದ್ದು, ಕಣ್ಣಿನ ಪಕ್ಕದಲ್ಲೇ ಹಿಂಗಾಲಿನ ಗೊರಸು ಕೆಸರು ಚಿಮ್ಮಿಸಿದ್ದು ಇಂದಿಗೂ ಹಾಗೆಯೇ ನೆನಪಿದೆ. ಕುದುರೆ ನೋಡಿಕೊಳ್ಳುವ ಹುಡುಗ ಓಡಿ ಬಂದು ಲಗಾಮು ಹಿಡಿದ. ‘ಅಕ್ಕಾ, ಅಲುಗಾಡಬೇಡಿ’ ಎಂದು ಬೂಟಿನ ದಾರವನ್ನು ಕುಡುಗೋಲಿನಿಂದ ಕತ್ತರಿಸಿ, ಬೂಟನ್ನು ರಿಕಾಪಿನಲ್ಲೇ ಬಿಟ್ಟು ನನ್ನ ಕಾಲನ್ನು ಹೊರಗೆಳೆದ. ಮಂಡಿಯ ಒಳಬದಿಯ ಅಸ್ಥಿರಜ್ಜು ಸ್ವಲ್ಪ ಹರಿದಿತ್ತು. ಆರು ವಾರ ಮಂಡಿಪಟ್ಟಿ, ಆಮೇಲೆ ಫಿಸಿಯೋಥೆರಪಿ. ಆ ಹುಡುಗ ಅಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಾಸಿಗೆಯಲ್ಲಿದ್ದಾಗ ಬಡಗಿಯ ಟೇಪು ತರಿಸಿ ರಿಕಾಪನ್ನು ಅಳೆದೆ. 12 ಸೆಂಟಿಮೀಟರ್ ಎಂದು ಅವರು ಕೊಟ್ಟಿದ್ದು ಹೊರ ಅಂಚಿನಿಂದ ಹೊರ ಅಂಚಿನ ಅಳತೆ. ಪಾದ ಇಡುವ ಜಾಗ ಒಳಗೆ ಬರೀ 10.8. ನನ್ನ ಸವಾರಿಯ ಬೂಟಿನ ಅಗಲ 10.2, ಮಳೆಗಾಲದ್ದು 10.7. ಬೂಟಿನ ಅತಿ ಅಗಲದ ಜಾಗಕ್ಕಿಂತ ರಿಕಾಪಿನ ಒಳ ಅಗಲ ಸುಮಾರು ಎರಡೂವರೆ ಸೆಂಟಿಮೀಟರ್, ಅಂದರೆ ಒಂದು ಅಂಗುಲ, ಹೆಚ್ಚಿರಬೇಕು. ಇದು ಸವಾರಿ ಕಲಿಸುವವರು ಮೊದಲ ವಾರದಲ್ಲೇ ಹೇಳುವ ಪಾಠ. ನಾನು ಕೊಳ್ಳಬೇಕಾಗಿದ್ದದ್ದು 13ರ ಆಸುಪಾಸಿನದು. ತೀರ ಅಗಲವಾದರೂ ಅಪಾಯವೇ, ಇಡೀ ಪಾದ ಆಚೆ ತೂರಿಕೊಂಡು ಸಿಕ್ಕಿಬೀಳುತ್ತದೆ. ಎರಡು ಜೊತೆ ಬೂಟು ಬಳಸುವವರು ಅಗಲವಾದ ಬೂಟನ್ನೇ ಅಳೆಯಬೇಕು. ಮಾರುವವರನ್ನು ‘ಒಳ ಅಳತೆ ಎಷ್ಟು’ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಚರ್ಮದ ಪಟ್ಟಿಯನ್ನು ನೇತುಹಾಕುವ ಜೀನಿನ ಕಬ್ಬಿಣದ ಸರಳಿನ ತುದಿಯಲ್ಲಿ ಒಂದು ಪುಟ್ಟ ಚಿಲಕವಿರುತ್ತದೆ. ಸವಾರ ಎಳೆದುಕೊಂಡು ಹೋಗಲ್ಪಟ್ಟರೆ ಪಟ್ಟಿ ಹಿಂದಕ್ಕೆ ಜಾರಿ ಕಳಚಿಕೊಳ್ಳಲೆಂದು ಅದನ್ನು ತೆರೆದೇ ಬಿಟ್ಟಿರಬೇಕು. ಪಟ್ಟಿ ಕಳೆದುಹೋದೀತೆಂದು ನಾನು ಅದನ್ನು ವರ್ಷಗಳಿಂದ ಮೇಲಕ್ಕೆತ್ತಿ ಮುಚ್ಚಿಟ್ಟಿದ್ದೆ. ದಯವಿಟ್ಟು ಇಂದೇ ಹೋಗಿ ನಿಮ್ಮ ಜೀನಿನ ಚಿಲಕ ನೋಡಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಎಣ್ಣೆ ಬಿಟ್ಟು ಸಡಿಲಿಸಿ.

ಮಾರಿದವರು ಹಣ ವಾಪಸು ಕೊಡಲಿಲ್ಲ. ಬಳಸಿದ ವಸ್ತು ಎಂದರು, ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಜಾಹೀರಾತಿನ ಚಿತ್ರ ತೆಗೆದಿಟ್ಟುಕೊಂಡಿದ್ದು ಆಗ ಉಪಯೋಗಕ್ಕೆ ಬಂತು.

ಡಿಸೆಂಬರಿನಿಂದ ಮತ್ತೆ ಕುದುರೆ ಹತ್ತುತ್ತಿದ್ದೇನೆ. ಈಗಿನ ರಿಕಾಪಿನಲ್ಲಿ ಪಟ್ಟಿ ತೂರುವ ಕಣ್ಣನ್ನೇ ಕಾಲುಭಾಗ ತಿರುಗಿಸಿ ಮಾಡಿದ್ದಾರೆ, ಹಾಗಾಗಿ ಅದು ತಾನಾಗಿ ಪಾದಕ್ಕೆ ಎದುರಾಗಿ ನಿಲ್ಲುತ್ತದೆ, ಪಟ್ಟಿ ತಿರುಚಿಕೊಳ್ಳುವುದಿಲ್ಲ. ಮಂಡಿಗೆ ಸಿಕ್ಕ ಸುಖದಲ್ಲಿ ಮುಕ್ಕಾಲು ಪಾಲು ಇದರದೇ ಎಂದು ನನ್ನ ಅನುಭವ. ಪಾದಪೀಠ ಅಗಲವಾಗಿದೆ, ಹಲ್ಲುಗಳಿಲ್ಲ, ತರಿ ಇರುವ ರಬ್ಬರ್ ಇದೆ. ಹೊರಬದಿ ಎಳೆತ ಬಿದ್ದರೆ ತೆರೆದುಕೊಳ್ಳುತ್ತದೆ. ಅಷ್ಟು ಖರ್ಚು ಬೇಡವೆನ್ನುವವರಿಗೆ ಹೊರಬದಿಯಲ್ಲಿ ಕಬ್ಬಿಣದ ಬದಲು ದಪ್ಪ ರಬ್ಬರ್ ಉಂಗುರವಿರುವ ಹಳೆಯ ಮಾದರಿಯೂ ಸಿಗುತ್ತದೆ. ಆ ಉಂಗುರ ಯಾವಾಗಲೂ ಕುದುರೆಯಿಂದ ಆಚೆಗೆ ಇರಬೇಕು, ಬಿರುಕು ಬಿಟ್ಟ ಕೂಡಲೇ ಬದಲಿಸಬೇಕು.

ಏನೂ ಖರ್ಚಿಲ್ಲದ ಉಪಾಯವೂ ಒಂದಿದೆ. ರಾತ್ರಿ ಜೀನನ್ನು ಅಡ್ಡಗಂಬದ ಮೇಲಿಟ್ಟು, ಎರಡೂ ರಿಕಾಪುಗಳನ್ನು ಸವಾರಿಯಲ್ಲಿ ಇರುವಂತೆಯೇ ತಿರುಗಿಸಿ, ಅವುಗಳ ನಡುವೆ ಒಂದು ಕೋಲು ತೂರಿಸಿಡುವುದು. ಎಣ್ಣೆ ಹಚ್ಚಿದ ಚರ್ಮ ಕೆಲವೇ ದಿನಗಳಲ್ಲಿ ಆ ತಿರುವಿಗೆ ಒಗ್ಗುತ್ತದೆ. ನಾವು ಸಿಲ್ವರ್ ಓಕಿನ ಒಂದು ಸಪೂರ ಕೊಂಬೆ ಬಳಸುತ್ತೇವೆ. ಹಾಗೆಯೇ ಪಟ್ಟಿಯನ್ನು ಒಂದು ರಂಧ್ರ ಉದ್ದ ಬಿಟ್ಟರೆ ಮಂಡಿ ಅಷ್ಟು ಮಡಚಿಕೊಳ್ಳುವುದಿಲ್ಲ. ನೆಲದಿಂದ ಹತ್ತುವುದನ್ನು ನಾನು ಪೂರ್ತಿ ಬಿಟ್ಟೆ, ಲಾಯದ ಮುಂದೆ ಕಲ್ಲಿನ ಕಟ್ಟೆ ಕಟ್ಟಿಸಿದ್ದೇವೆ. ಎಡಗಡೆಯಿಂದಲೇ ಹತ್ತಿ ಹತ್ತಿ ಎಡ ಪಟ್ಟಿ ಹಿಗ್ಗುತ್ತದೆ, ರಂಧ್ರ ಒಂದೇ ಇದ್ದರೂ ಕಾಲುಗಳು ಏರುಪೇರಾಗುತ್ತವೆ. ಆಗಾಗ ಎಡಬಲ ಬದಲಿಸಿ ಹಾಕಬೇಕು.

ಆ ಹಳೆಯ ಜೋಡಿಯನ್ನು ಪಕ್ಕದ ತೋಟದವರು ತಮ್ಮ ಮಗಳಿಗೆ ಕೇಳಿದರು, ಅವಳ ಕಾಲು ಸಣ್ಣದು ಎಂದರು. ಕೊಡಲಿಲ್ಲ. ಯಾರ ಕೈಗೂ ಹೋಗಬಾರದೆಂದು ಆಲ್ದೂರಿನ ವೆಲ್ಡಿಂಗ್ ಅಂಗಡಿಯಲ್ಲಿ ತುಂಡು ಮಾಡಿಸಿದೆ. ರಬ್ಬರ್ ಹೊದಿಕೆ ಸೀಳಿದಾಗ ಒಳಗಿನ ಕೀಲು ಕಾಣಿಸಿತು. ಒಂದೇ ಮಳೆಗಾಲಕ್ಕೆ ಅದರ ಪಿನ್ನು ಅರ್ಧದಷ್ಟು ತುಕ್ಕಿಗೆ ಹೋಗಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು.