ಖಡಕಿಯ ವರ್ಕ್‌ಶಾಪಿನಲ್ಲಿ ಮತ್ತೆ ಮಾತಾಡಿದ 19ನೇ ನಂಬರಿನ ಸೆಟ್

ಹಳೆಯ ಸೇನಾ ವೈರ್‌ಲೆಸ್ ಸೆಟ್‌ಗಳನ್ನು ದುರಸ್ತಿ ಮಾಡಿಕೊಡುತ್ತೇವೆ ಎನ್ನುವವರು ಪುಣೆ, ಮುಂಬೈಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಹೊರಮೈಗೆ ಹೊಸ ಬಣ್ಣ ಬಳಿದು, ಹಿತ್ತಾಳೆಯ ಭಾಗಗಳನ್ನು ತಿಕ್ಕಿ ಹೊಳಪೇರಿಸಿ, ಸೆಟ್ಟು ದಿವಾನಖಾನೆಯ ಶೋಕೇಸಿನಲ್ಲಿ ಚೆಂದ ಕಾಣುವಂತೆ ಮಾಡಿಕೊಡುತ್ತಾರೆ. ಒಳಗಿನದು ಸತ್ತೇ ಇರುತ್ತದೆ. ಪುಣೆಯ ಖಡಕಿ ಬಜಾರಿನ ಹಿಂದಿನ ಓಣಿಯೊಂದರಲ್ಲಿರುವ ಚಿಕ್ಕ ವರ್ಕ್‌ಶಾಪ್ ಈ ಸಾಲಿಗೆ ಸೇರಿದ್ದಲ್ಲ. ಇಲ್ಲಿಂದ ಹೊರಬೀಳುವ ಸೆಟ್ಟಿನ ಬಣ್ಣ ಮಾಸಿದಂತೆಯೇ ಇರುತ್ತದೆ, ಆದರೆ ಅದು ಕೇಳುತ್ತದೆ, ಮಾತಾಡುತ್ತದೆ, ಮತ್ತು ಯುದ್ಧಕಾಲದ ಸಿಗ್ನಲರ್ ಅದನ್ನು ಹೇಗೆ ನಡೆಸುತ್ತಿದ್ದನೋ ಹಾಗೆಯೇ ನಡೆಸಲು ಸಿದ್ಧವಾಗಿರುತ್ತದೆ. ನನ್ನ ಸೆಟ್ಟನ್ನು ಇವರ ಕೈಗೆ ಕೊಟ್ಟು, ಮರಳಿ ಪಡೆದು, ಹಲವು ತಿಂಗಳು ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ವರ್ಕ್‌ಶಾಪ್ ನಡೆಸುವವರು ವಿಜಯಪುರ ಜಿಲ್ಲೆಯವರು. ಗೋವಾದ ಸಿಗ್ನಲ್ ತರಬೇತಿ ಕೇಂದ್ರದಲ್ಲಿ ಕಲಿತು, ಸೇನೆಯ ಸಿಗ್ನಲ್ಸ್ ದಳದಲ್ಲಿ ದುಡಿದು, ಹವಾಲ್ದಾರರಾಗಿ ನಿವೃತ್ತರಾಗಿ ಪುಣೆಯಲ್ಲೇ ನೆಲೆಸಿದವರು. ಹೆಸರು ಬರೆಯಬಾರದೆಂದು ಕೇಳಿಕೊಂಡಿದ್ದಾರೆ. ಇಲ್ಲಿಯ ಕನ್ನಡಿಗರೆಲ್ಲ ಅವರನ್ನು ಹವಾಲ್ದಾರ ಕಾಕಾ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಅಂಗಡಿಗೆ ಬೋರ್ಡಿಲ್ಲ. ಒಳಗೆ ಒಂದು ಉದ್ದನೆಯ ಮೇಜು, ವಾಲ್ವ್ (ಹಳೆಯ ರೇಡಿಯೊಗಳ ಒಳಗಿನ ಗಾಜಿನ ಬುರುಡೆ) ಪರೀಕ್ಷಿಸುವ ಯಂತ್ರ, ಗೋಡೆಯುದ್ದಕ್ಕೂ ರಟ್ಟಿನ ಡಬ್ಬಿಗಳು. ಅವುಗಳಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಗುರುತಿನವೂ ಇವೆ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಜಾಲಹಳ್ಳಿಯ ವಾಲ್ವುಗಳು ಖಡಕಿಯಲ್ಲಿ ಇನ್ನೂ ಉರಿಯುತ್ತಿರುವುದನ್ನು ಕಂಡು ನನಗೆ ನಿಜಕ್ಕೂ ಹೆಮ್ಮೆಯಾಯಿತು.

ನಾನು ಒಯ್ದದ್ದು 19ನೇ ನಂಬರಿನ ವೈರ್‌ಲೆಸ್ ಸೆಟ್, ಮಾರ್ಕ್ 2. ಜುನಾ ಬಾಜಾರಿನ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಸಿಕ್ಕಿದ್ದು. ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಕೇಂಬ್ರಿಡ್ಜಿನ ಪೈ ಕಂಪನಿ ಟ್ಯಾಂಕುಗಳಿಗಾಗಿ ರೂಪಿಸಿದ ಈ ಸೆಟ್ಟಿನ ಒಂದೇ ಪೆಟ್ಟಿಗೆಯಲ್ಲಿ ಮೂರು ಕೆಲಸಗಳಿವೆ. 2ರಿಂದ 8 ಮೆಗಾಹರ್ಟ್ಸ್‌ವರೆಗಿನ ‘ಎ’ ಸೆಟ್ ದೂರದ ಮಾತಿಗೆ ಮತ್ತು ಚುಕ್ಕೆ-ಗೆರೆಗಳ ಸಂಕೇತಭಾಷೆಯಾದ ಮೋರ್ಸ್‌ಗೆ. 230 ಮೆಗಾಹರ್ಟ್ಸ್ ಆಸುಪಾಸಿನ ‘ಬಿ’ ಸೆಟ್ ಪಕ್ಕದ ಟ್ಯಾಂಕಿನೊಡನೆ ಮಾತಾಡಲು. ಮೂರನೆಯದು ಟ್ಯಾಂಕಿನ ಸಿಬ್ಬಂದಿ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಇಂಟರ್‌ಕಾಮ್. ಕೆನಡಾದಲ್ಲಿ ತಯಾರಾಗಿ ಸೋವಿಯತ್ ಒಕ್ಕೂಟಕ್ಕೆ ಹೋದ ಸೆಟ್‌ಗಳ ಮುಖಫಲಕದಲ್ಲಿ ಇಂಗ್ಲಿಷ್ ಜೊತೆಗೆ ರಷ್ಯನ್ ಅಕ್ಷರಗಳೂ ಇದ್ದವು. ನನ್ನದರಲ್ಲಿ ಇಂಗ್ಲಿಷ್ ಮಾತ್ರ ಇದೆ.

ಸೆಟ್ಟನ್ನು ಮೇಜಿನ ಮೇಲೆ ಇಟ್ಟೊಡನೆ ಕಾಕಾ ಕೇಳಿದ ಮೊದಲ ಪ್ರಶ್ನೆಯಲ್ಲೇ ಅವರ ಕಸುಬಿನ ಮರ್ಮವಿತ್ತು.

“ಮನ್ಯಾಗ ಕರೆಂಟ್ ಹಚ್ಚಿ ನೋಡೀರೇನ್ರಿ?”

“ಇಲ್ಲ ಕಾಕಾ, ಪ್ಲಗ್ ಮುಟ್ಟಿಲ್ಲ.”

“ಛಲೋ ಮಾಡಿದ್ರಿ. ಕಂಡೆನ್ಸರ್ ನೋಡಿದ ಮ್ಯಾಲೇನ ಕರೆಂಟ್. ಅಲ್ಲೀತನಕ ಬ್ಯಾಟರಿ ಹತ್ರಾನೂ ಒಯ್ಯಬ್ಯಾಡ್ರಿ.”

ಹಳೆಯ ಸೆಟ್‌ಗಳು ಹಾಳಾಗುವುದು ಹೆಚ್ಚಾಗಿ ಆ ಮೊದಲ ಅರ್ಧ ನಿಮಿಷದಲ್ಲಿ. ಎಂಟು ದಶಕಗಳ ಹಿಂದಿನ ಕಾಗದದ ಕಂಡೆನ್ಸರುಗಳು (ಈಗಿನ ಮಾತಿನಲ್ಲಿ ಕೆಪಾಸಿಟರ್) ತೇವ ಕುಡಿದು ಸೋರತೊಡಗಿರುತ್ತವೆ. ಒಂದು ಹಂತದ ಹೈ ಟೆನ್ಷನ್ ವೋಲ್ಟೇಜನ್ನು ತಡೆಹಿಡಿದು ಸಂಕೇತವನ್ನಷ್ಟೇ ಮುಂದಕ್ಕೆ ಬಿಡಬೇಕಾದ ಕಂಡೆನ್ಸರ್ ಸೋರಿದರೆ, ಆ ವೋಲ್ಟೇಜು ಮುಂದಿನ ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್ಡಿಗೆ ಇಳಿಯುತ್ತದೆ. ವಾಲ್ವು ಅಳತೆ ಮೀರಿ ಕರೆಂಟ್ ಎಳೆದು ಸುಡುತ್ತದೆ, ಕೆಲವೊಮ್ಮೆ ಜೊತೆಯಲ್ಲಿ ಟ್ರಾನ್ಸ್‌ಫಾರ್ಮರನ್ನೂ ಒಯ್ಯುತ್ತದೆ. ಕಾಕಾ ಒಂದೊಂದು ಕಂಡೆನ್ಸರನ್ನೂ ಬಿಡಿಸಿ, ಅದು ಕೆಲಸ ಮಾಡಬೇಕಾದ ವೋಲ್ಟೇಜಿನಲ್ಲೇ ಸೋರಿಕೆ ಅಳೆದು, ಫಲಿತಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಸಾಧಾರಣ ಮೀಟರಿನ ಬ್ಯಾಟರಿ ವೋಲ್ಟೇಜಿನಲ್ಲಿ ಸರಿಯಿದ್ದಂತೆ ತೋರುವ ಕಂಡೆನ್ಸರ್ 250 ವೋಲ್ಟಿನಲ್ಲಿ ಸೋರಬಹುದು ಎಂಬುದು ಅವರು ನನ್ನೆದುರೇ ಮಾಡಿ ತೋರಿಸಿದ ಪಾಠ.

ಕೆಟ್ಟವನ್ನು ಬದಲಿಸುವ ರೀತಿಯಂತೂ ನಿಂತು ನೋಡುವಂಥದ್ದು. ಹಳೆಯ ಕಂಡೆನ್ಸರಿನ ಕೊಳವೆಯನ್ನು ಮೆಲ್ಲಗೆ ಬಿಸಿ ಮಾಡಿ, ಮೇಣ ಕರಗಿಸಿ, ಒಳಗಿನ ಸುರುಳಿಯನ್ನು ಹೊರತೆಗೆಯುತ್ತಾರೆ. ಬುಧವಾರ ಪೇಟೆಯ ತಪ್ಕೀರ್ ಗಲ್ಲಿಯಿಂದ ತಂದ, ಕಡ್ಲೆಬೀಜದಷ್ಟು ಗಾತ್ರದ ಹೊಸ ಫಿಲ್ಮ್ ಕಂಡೆನ್ಸರನ್ನು ಆ ಖಾಲಿ ಕೊಳವೆಯೊಳಗೆ ಕೂರಿಸಿ, ಮತ್ತೆ ಮೇಣ ತುಂಬಿ, ಮೊದಲಿದ್ದ ಜಾಗದಲ್ಲೇ ಬೆಸುಗೆ ಹಾಕುತ್ತಾರೆ. ಮುಚ್ಚಳ ತೆಗೆದು ನೋಡಿದರೆ 1940ರ ದಶಕದ ಒಳಾಂಗಣವೇ ಕಾಣುತ್ತದೆ. ಆದರೆ ಇದರಲ್ಲಿ ಮೋಸವಿಲ್ಲ: ಯಾವ ಯಾವ ಕೊಳವೆಯೊಳಗೆ ಹೊಸದಿದೆ ಎಂಬುದನ್ನು ನಕ್ಷೆಯ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಸೆಟ್ಟಿನ ಜೊತೆಗೇ ಕೊಡುತ್ತಾರೆ. ಪುನಃಸ್ಥಾಪನೆಯ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮಿಗಿಲಾಗಿ ಬೆಲೆ ಕೊಡುವುದು ಈ ಪ್ರಾಮಾಣಿಕತೆಗೆ.

ಮಾರ್ಕ್ 2 ಸೆಟ್‌ಗಳ ಇನ್ನೊಂದು ರೋಗ ರಬ್ಬರ್ ಹೊದಿಕೆಯ ವೈರು. ಮುಟ್ಟಿದರೆ ಹೊದಿಕೆ ಪುಡಿಯಾಗಿ ಉದುರಿ, ಒಳಗಿನ ತಂತಿ ಬೆತ್ತಲಾಗುತ್ತದೆ. ನನ್ನ ಸೆಟ್ಟಿನಲ್ಲಿ ಅರ್ಧದಷ್ಟು ವೈರಿಂಗ್ ಹೀಗಾಗಿತ್ತು. ಕಾಕಾ ಒಂದು ತಂತಿ ತೆಗೆದು ಒಂದು ತಂತಿ ಹಾಕುತ್ತ, ಹಳೆಯ ಬಣ್ಣಗಳನ್ನೇ ಅನುಸರಿಸಿ, ಹತ್ತಿಯ ದಾರದಲ್ಲಿ ಕಟ್ಟಿದ ಕಂತೆಯನ್ನು ಅದೇ ಗಂಟುಗಳೊಡನೆ ಮತ್ತೆ ಕಟ್ಟಿದ್ದಾರೆ.

ಸೆಟ್ಟಿಗೆ ವಿದ್ಯುತ್ ಕೊಡುವುದು ಪ್ರತ್ಯೇಕ ಸಪ್ಲೈ ಯೂನಿಟ್. 12 ವೋಲ್ಟಿನ ಬ್ಯಾಟರಿಯಿಂದ ಒಂದು ಮೋಟಾರು ತಿರುಗಿ, ಅದೇ ದಂಡದ ಮೇಲಿನ ಜನರೇಟರು ರಿಸೀವರಿಗೆ 275 ವೋಲ್ಟ್ ಮತ್ತು ಸೆಂಡರಿನ 807 ವಾಲ್ವಿಗೆ ಸುಮಾರು 500 ವೋಲ್ಟ್ ಒದಗಿಸುತ್ತದೆ. ಈಗಿನವರಲ್ಲಿ ಬಹುಮಂದಿ ಡೈನಮೋಟರ್ ಎಂಬ ಈ ಜೋಡಿಯನ್ನು ಕಿತ್ತುಹಾಕಿ ಟ್ರಾನ್ಸ್‌ಫಾರ್ಮರ್ ಜೋಡಿಸುತ್ತಾರೆ. ಸದ್ದೂ ಇಲ್ಲ, ಬ್ಯಾಟರಿಯ ತಾಪತ್ರಯವೂ ಇಲ್ಲ. ಕಾಕಾ ಇದನ್ನು ಒಪ್ಪುವುದಿಲ್ಲ, ಅವರ ಹಟ ನನಗೆ ಸರಿಯೆನಿಸುತ್ತದೆ. ಬೇರಿಂಗಿನಲ್ಲಿ ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಮ್ಯುಟೇಟರಿನ ತಾಮ್ರವನ್ನು ಒರೆಸಿ, ಸವೆದ ಇಂಗಾಲದ ಬ್ರಷ್‌ಗಳಿಗೆ ಬದಲಿ ಅರೆದು ಕೂರಿಸಿದ ಮೇಲೆ ಆ ಯಂತ್ರ ಎತ್ತುವ ಸದ್ದನ್ನು ಕೇಳಿದರೆ, ಸಿಗ್ನಲರನು ತಾಸುಗಟ್ಟಲೆ ಆ ಗದ್ದಲದ ಪಕ್ಕದಲ್ಲೇ ಕುಳಿತು ಕ್ಷೀಣವಾದ ಮೋರ್ಸ್ ಹಿಡಿಯುತ್ತಿದ್ದ ಎಂಬುದು ಕಿವಿಗೇ ಅರಿವಾಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದ ಸೆಟ್ಟಿನಿಂದ ಆ ಅರಿವು ಬರುವುದಿಲ್ಲ.

ಬರ್ಮಾ ರಂಗದ ಸಿಗ್ನಲರುಗಳ ಪಾಡು ಇದಕ್ಕಿಂತ ಕಠಿಣವಾಗಿತ್ತು. ಅಲ್ಲಿಯ ಕಾಡಿನಲ್ಲಿ 22ನೇ ನಂಬರಿನ ಸೆಟ್‌ಗಳನ್ನು, ಬ್ಯಾಟರಿಗಳನ್ನು, ಅವುಗಳ ಚಾರ್ಜಿಂಗ್ ಎಂಜಿನ್ನುಗಳನ್ನು ಹೇಸರಗತ್ತೆಗಳ ಬೆನ್ನಿನ ಮೇಲೆ ಹೇರಿ ಒಯ್ಯಬೇಕಿತ್ತು. ಮಳೆ ಹಿಡಿದರೆ ಕಾಯ್ಲುಗಳ ಮೇಲೆ ಬೂಷ್ಟು ಬೆಳೆದು ಸೆಟ್ ಮೂಕವಾಗುತ್ತಿತ್ತು. ಬೂಷ್ಟು ತಡೆಯುವ ಔಷಧಿ ಬೆರೆಸಿದ ವಾರ್ನಿಷನ್ನು ಒಳಭಾಗಗಳಿಗೆಲ್ಲ ಬಳಿಯುವ ಪದ್ಧತಿ ಆ ಯುದ್ಧದಲ್ಲಿ ವ್ಯಾಪಕವಾದದ್ದು ಇದೇ ಕಾರಣಕ್ಕೆ. ಸಹ್ಯಾದ್ರಿಯ ಮಳೆಗಾಲ ಕಂಡ ನಮಗೆ ಆ ತೇವವನ್ನು ವಿವರಿಸಬೇಕಾಗಿಲ್ಲ. ಕಾಕಾ ಕೂಡ ಕೆಲಸ ಮುಗಿದ ಮೇಲೆ ಕಾಯ್ಲುಗಳನ್ನು ಒಣಗಿಸಿ ವಾರ್ನಿಷ್ ಬಳಿಯುತ್ತಾರೆ. ಮೀಟರುಗಳ ಮುಳ್ಳಿನ ಮೇಲೆ ರೇಡಿಯಂ ಬೆರೆತ ಹೊಳೆಯುವ ಬಣ್ಣ ಇರಬಹುದಾದ ಸೆಟ್‌ಗಳನ್ನು ಮಾತ್ರ ಅವರು ಬೇರೆಯಾಗಿ ಇಟ್ಟು, ಆ ಮೀಟರುಗಳ ಗಾಜನ್ನು ಬಿಚ್ಚಲು ಒಪ್ಪುವುದಿಲ್ಲ. ಗಿರಾಕಿ ಎಷ್ಟೇ ಒತ್ತಾಯಿಸಿದರೂ ಬಿಚ್ಚುವುದಿಲ್ಲ, ಅದೇ ಸರಿಯಾದ ನಡೆ.

ಸೆಟ್ಟನ್ನು ಒಪ್ಪಿಸುವ ದಿನ ಇವರು ಹಣ ಎಣಿಸಿಕೊಂಡು ಕಳಿಸಿಬಿಡುವುದಿಲ್ಲ. ಗಿರಾಕಿಯೇ ಹೆಡ್‌ಫೋನ್ ಹಾಕಿಕೊಂಡು ಸೆಟ್ಟನ್ನು ‘ನೆಟ್’ ಮಾಡಿ ತೋರಿಸಬೇಕು. ಮೇಜಿನ ಆ ತುದಿಯಲ್ಲಿ ಇನ್ನೊಂದು ಸೆಟ್ ಕಂಟ್ರೋಲ್ ಸ್ಟೇಷನ್ನಿನಂತೆ ಸಂಕೇತ ಬಿಡುತ್ತದೆ. ಅದನ್ನು ಹುಡುಕಿ ಹಿಡಿದು, ನೆಟ್ ಸ್ವಿಚ್ಚನ್ನು ಒತ್ತಿ ಹಿಡಿದಾಗ ಕಿವಿಯಲ್ಲೊಂದು ಶಿಳ್ಳೆ ಏಳುತ್ತದೆ. ಟ್ಯೂನಿಂಗ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಂತೆ ಶಿಳ್ಳೆ ಇಳಿದು, ಗುರುಗುಟ್ಟಿ, ಕೊನೆಗೆ ಪೂರ್ತಿ ಅಡಗುತ್ತದೆ. ಅಡಗಿತೆಂದರೆ ಎರಡೂ ಸೆಟ್‌ಗಳು ಒಂದೇ ಫ್ರೀಕ್ವೆನ್ಸಿಗೆ ಬಂದಿವೆ ಎಂದರ್ಥ. ಆಮೇಲೆ ಮೀಟರ್ ನೋಡುತ್ತ ಏರಿಯಲ್ ಹೊಂದಿಸುವ ವೇರಿಯೋಮೀಟರನ್ನು ತಿರುಗಿಸಿ ಮುಳ್ಳು ಅತಿ ಹೆಚ್ಚು ಏರುವಲ್ಲಿ ನಿಲ್ಲಿಸಬೇಕು. ಕುಲುಕಾಡುವ ಟ್ಯಾಂಕಿನೊಳಗೆ, ಧೂಳಿನಲ್ಲಿ, ಕತ್ತಲಲ್ಲಿ ಇಷ್ಟನ್ನೂ ಮಾಡಬೇಕಾಗಿದ್ದವರಿಗಾಗಿ ಎರಡು ಫ್ರೀಕ್ವೆನ್ಸಿಗಳನ್ನು ಮೊದಲೇ ಹೊಂದಿಸಿಟ್ಟು, ಕೆಂಪು ಮತ್ತು ನೀಲಿ ಗುರುತುಗಳ ನಡುವೆ ಥಟ್ಟನೆ ಬದಲಿಸುವ ವ್ಯವಸ್ಥೆಯೂ ಈ ಸೆಟ್ಟಿನಲ್ಲಿದೆ. ನನ್ನ ಸೆಟ್ಟಿನಲ್ಲಿ ಅದು ತುಕ್ಕು ಹಿಡಿದು ಕೂತಿತ್ತು. ಈಗ ಕೆಲಸ ಮಾಡುತ್ತಿದೆ.

ಸಿಗ್ನಲರನಿಗೆ ಸಲ್ಲಬೇಕಾದ ಗೌರವ ಅವನ ಸೆಟ್ಟನ್ನು ನಡೆಸುವುದರಲ್ಲಿದೆ ಎಂಬ ಕಾಕಾರ ನಿಲುವನ್ನು ನಾನು ಮನಸಾರೆ ಒಪ್ಪುತ್ತೇನೆ, ಏಕೆಂದರೆ ಈ ಜನರ ಶೌರ್ಯ ಹೊರಗೆ ಕಾಣುವಂಥದ್ದಾಗಿರಲಿಲ್ಲ. ನಮ್ಮ ಟಿಪ್ಪು ಸುಲ್ತಾನನ ವಂಶದ ಕುಡಿಯಾದ ನೂರ್ ಇನಾಯತ್ ಖಾನ್ 1943ರ ಜೂನ್‌ನಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ನಿನ ಗುಪ್ತ ದಳದ ವೈರ್‌ಲೆಸ್ ಆಪರೇಟರಾಗಿ ಹೋದರು. ಜೊತೆಗಾರರೆಲ್ಲ ಒಬ್ಬೊಬ್ಬರಾಗಿ ಸಿಕ್ಕಿಬಿದ್ದ ಮೇಲೂ ಹಿಂತಿರುಗಲು ಒಪ್ಪದೆ, ಪ್ಯಾರಿಸ್ಸಿನಲ್ಲಿ ಮನೆಯಿಂದ ಮನೆಗೆ ಸೆಟ್ ಹೊತ್ತು ಸಂದೇಶ ಕಳಿಸುತ್ತಲೇ ಇದ್ದರು. ಸಂಕೇತದ ದಿಕ್ಕು ಹಿಡಿದು ಬರುವ ಜರ್ಮನ್ ವಾಹನಗಳ ಭಯದಲ್ಲಿ ಒಂದೇ ಕಡೆ ಹೆಚ್ಚು ಹೊತ್ತು ಕೀ ಒತ್ತುವಂತಿರಲಿಲ್ಲ. 1944ರ ಸೆಪ್ಟೆಂಬರ್‌ನಲ್ಲಿ ನಾಜಿಗಳ ದಖಾವ್ ಸೆರೆಶಿಬಿರದಲ್ಲಿ ಅವರನ್ನು ಕೊಂದರು. 1949ರಲ್ಲಿ ಬ್ರಿಟನ್ನಿನ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಸಂದಿತು. ಇತ್ತ ಮುಂಬೈಯಲ್ಲಿ, ಯುದ್ಧ ಮುಗಿಸಿ ಬಂದ ನೌಕಾಪಡೆಯ ಸಿಗ್ನಲರುಗಳೇ 1946ರ ಫೆಬ್ರುವರಿ 18ರಂದು ಎಚ್‌ಎಂಐಎಸ್ ತಲ್ವಾರ್ ಎಂಬ ಸಿಗ್ನಲ್ ಶಾಲೆಯಲ್ಲಿ ಮುಷ್ಕರ ಹೂಡಿದರು; ಅವರ ಕೈಯಲ್ಲಿದ್ದ ವೈರ್‌ಲೆಸ್ಸಿನಿಂದಲೇ ಸುದ್ದಿ ಬೇರೆ ಬಂದರುಗಳ ಹಡಗುಗಳಿಗೆ ಹಬ್ಬಿತು. ಭಾರತೀಯ ಸೇನೆಯ ಸಿಗ್ನಲ್ಸ್ ದಳ ಹುಟ್ಟಿದ್ದು 1911ರ ಫೆಬ್ರುವರಿ 15ರಂದು. ಪ್ರತಿವರ್ಷ ಆ ದಿನ ಕಾಕಾ ಬೇರೆ ಕೆಲಸ ಮುಟ್ಟದೆ, ತಮ್ಮ ಸ್ವಂತ ಸೆಟ್ಟಿನ ಮುಂದೆ ಕುಳಿತು ಮೋರ್ಸ್‌ನಲ್ಲಿ ಕರೆ ಕೊಡುತ್ತಾರೆ.

ಕಾನೂನಿನ ವಿಷಯದಲ್ಲಿ ಅವರು ಸಡಿಲ ಬಿಡುವವರಲ್ಲ. ದೂರಸಂಪರ್ಕ ಇಲಾಖೆ ಕೊಡುವ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸಿನ ಪ್ರತಿ ತೋರಿಸದವರಿಗೆ ರಿಸೀವರನ್ನಷ್ಟೇ ಸಿದ್ಧಮಾಡಿ ಕೊಡುತ್ತಾರೆ, ಸೆಂಡರಿಗೆ ಕೈ ಹಾಕುವುದಿಲ್ಲ. ‘ಬಿ’ ಸೆಟ್ಟಿನ ಫ್ರೀಕ್ವೆನ್ಸಿ ಹವ್ಯಾಸಿಗಳಿಗೆ ಮೀಸಲಾದದ್ದಲ್ಲ. ಆದ್ದರಿಂದ ಅದರ ಭಾಗಗಳನ್ನು ಜೋಪಾನವಾಗಿ ಹಾಗೆಯೇ ಉಳಿಸಿ, ವಿದ್ಯುತ್ತನ್ನು ಮಾತ್ರ ತಪ್ಪಿಸುತ್ತಾರೆ. ‘ಎ’ ಸೆಟ್ಟಿನ ವ್ಯಾಪ್ತಿಯಲ್ಲಿ 3.5 ಮತ್ತು 7 ಮೆಗಾಹರ್ಟ್ಸ್‌ನ ಹ್ಯಾಮ್ ಬ್ಯಾಂಡುಗಳು ಬರುವುದು ನಮ್ಮ ಅದೃಷ್ಟ. ಟ್ಯಾಂಕಿನ ರಾಡ್ ಏರಿಯಲ್ಲಿನಲ್ಲಿ ಮಾತು ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಮನೆಯ ತಾರಸಿಯ ಮೇಲೆ ಉದ್ದನೆಯ ತಂತಿ ಎಳೆದು, ಹಗಲು ಹೊತ್ತಿನಲ್ಲಿ 7 ಮೆಗಾಹರ್ಟ್ಸ್‌ನಲ್ಲಿ ಕರೆದರೆ, ಅವೇ ಕೆಲವು ವ್ಯಾಟ್‌ಗಳು ಅಯಾನುಮಂಡಲದಿಂದ ಪುಟಿದು ಹುಬ್ಬಳ್ಳಿ ತಲುಪುತ್ತವೆ. ಅಲ್ಲಿಯ ಹ್ಯಾಮ್ ಗೆಳೆಯರೊಬ್ಬರು ನನ್ನ ದನಿ ಸ್ಪಷ್ಟವಾಗಿದೆ, ಆದರೆ ಹಿಂದೆ ಡೈನಮೋಟರಿನ ಗುಂಯ್‌ಗುಟ್ಟುವಿಕೆ ಕೇಳುತ್ತದೆ ಎಂದರು. ಆ ದೋಷವನ್ನು ತಿದ್ದಿಸುವ ಯೋಚನೆ ನನಗಿಲ್ಲ.

ಕೊರತೆಗಳೂ ಇವೆ. ಹೇಳಿದ ಸಮಯಕ್ಕೆ ಕೆಲಸ ಮುಗಿಯುವುದಿಲ್ಲ. ಮೂರು ತಿಂಗಳೆಂದದ್ದು ಆರು ತಿಂಗಳ ಮೇಲೆ ಹೋಯಿತು, ನಡುವೆ ತಾವಾಗಿ ಫೋನ್ ಮಾಡಿ ತಿಳಿಸುವ ರೂಢಿಯೂ ಇಲ್ಲ. ಮಜೂರಿ ಸುಮಾರು 18,000 ರೂಪಾಯಿ ಆಯಿತು, ವಾಲ್ವು ಮತ್ತು ಬಿಡಿಭಾಗಗಳ ಖರ್ಚು ಬೇರೆ. ಇಷ್ಟು ಸೂಕ್ಷ್ಮ ಕೆಲಸಕ್ಕೆ ಇದು ದುಬಾರಿಯಲ್ಲ, ಆದರೆ ಮೊದಲೇ ಲೆಕ್ಕ ಬರೆದು ಕೊಟ್ಟಿದ್ದರೆ ಚೆನ್ನಾಗಿತ್ತು. ನಾನು ಕೇಳಿದ ಮೇಲೆಯೇ ಚೀಟಿ ಬಂತು. ಮೈಕ್ ಮತ್ತು ಹೆಡ್‌ಫೋನಿನ ಕೇಬಲ್ಲಿಗೆ ಹಾಕಿದ ಹೊಸ ಹೊದಿಕೆ ಗಡಸಾಗಿದ್ದು ಬಾಗಿದಲ್ಲಿ ಬಿರುಕು ಬಿಟ್ಟಿತು. ಮರಳಿ ಒಯ್ದಾಗ ಮಾತಿಲ್ಲದೆ, ಹಣವಿಲ್ಲದೆ ಬದಲಿಸಿಕೊಟ್ಟರು. ಎಲ್ಲಕ್ಕಿಂತ ನನ್ನನ್ನು ಚಿಂತೆಗೀಡುಮಾಡುವುದು ಅವರ ಪಕ್ಕದಲ್ಲಿ ಕೆಲಸ ಕಲಿಯುವ ಹುಡುಗರು ಯಾರೂ ಇಲ್ಲದಿರುವುದು. ಪುಣೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಕಡೆಯ ಮಕ್ಕಳಲ್ಲಿ ಯಾರಿಗಾದರೂ ಆಸಕ್ತಿಯಿದ್ದರೆ ರವಿವಾರ ಬೆಳಿಗ್ಗೆ ಹೋಗಿ ಕೂರಬಹುದು. ಕಾಕಾ ಕಲಿಸಲು ತಯಾರಿದ್ದಾರೆ, ಶುಲ್ಕ ಕೇಳುವುದಿಲ್ಲ.

ಸೆಟ್ ಒಯ್ಯುವವರು ಕೆಲವನ್ನು ಗಮನದಲ್ಲಿಡಬೇಕು. ಮಳೆಗಾಲದಲ್ಲಿ ವಾರ್ನಿಷ್ ಒಣಗುವುದಿಲ್ಲವೆಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸ ಕೆಲಸ ಒಪ್ಪಿಕೊಳ್ಳುವುದಿಲ್ಲ. ಕೊರಿಯರಿನಲ್ಲಿ ಕಳಿಸಿದರೆ ಸ್ವೀಕರಿಸುವುದಿಲ್ಲ, ಖುದ್ದಾಗಿ ಒಯ್ಯಬೇಕು. ಸೆಟ್ಟು ಮತ್ತು ಸಪ್ಲೈ ಯೂನಿಟ್ ಸೇರಿ ಒಬ್ಬರಿಂದ ಎತ್ತಲಾಗದಷ್ಟು ಭಾರವಿರುವುದರಿಂದ ಜೊತೆಗೊಬ್ಬರಿರುವುದು ಒಳ್ಳೆಯದು. ತುಕ್ಕು ಬಿಡಿಸುವ ಎಣ್ಣೆಯನ್ನು ಮನೆಯಲ್ಲಿ ಸಿಂಪಡಿಸಿ ಒಯ್ಯಬೇಡಿ, ಅದು ಸ್ವಿಚ್ಚುಗಳ ಬಿಲ್ಲೆಗಳೊಳಗೆ ಇಳಿದು ಅವರ ಕೆಲಸವನ್ನು ಇಮ್ಮಡಿಗೊಳಿಸುತ್ತದೆ. ಕೇಬಲ್ಲುಗಳು ಎಷ್ಟೇ ಹರಿದಿದ್ದರೂ ಎಸೆಯದೆ ತನ್ನಿ, ತುದಿಯ ಕನೆಕ್ಟರುಗಳು ಈಗ ಎಲ್ಲೂ ಸಿಗುವುದಿಲ್ಲ. ನನ್ನ ಬಳಿಯಿರುವ ಇನ್ನೊಂದು ಸೆಟ್, 1.6ರಿಂದ 10 ಮೆಗಾಹರ್ಟ್ಸ್‌ವರೆಗಿನ, ನೀರಿಗೆ ಬಿದ್ದರೂ ತೇಲುವಂತೆ ಕಟ್ಟಿದ 62ನೇ ನಂಬರಿನದು, ದೀಪಾವಳಿಯ ನಂತರದ ಸರದಿಗೆ ಅವರ ನೋಟ್‌ಬುಕ್ಕಿನಲ್ಲಿ ಬರೆಸಿ ಬಂದಿದ್ದೇನೆ.